ಹೊಲಿಯಬಾರದಿದ್ದ ಗಾಯ

ಅವರನ್ನು ಆಳಂದದ ಆಸ್ಪತ್ರೆಗೆ ತಂದಾಗ ಹಗಲು ಹನ್ನೊಂದೂವರೆಯಾಗಿತ್ತು. ತೊಗರಿ ರಾಶಿಯ ದಿನಗಳು. ಹೊರರೋಗಿಗಳ ಸಾಲು ಇನ್ನೂ ಕರಗಿರಲಿಲ್ಲ. ಟ್ರ್ಯಾಕ್ಟರಿನ ಟ್ರಾಲಿ ನೇರ ಮೆಟ್ಟಿಲವರೆಗೆ ಬಂದು ನಿಂತಿತು. ತೊಗರಿ ಹೊಟ್ಟಿನ ಮೇಲೆ ಕೌದಿ ಹಾಸಿ ಒಬ್ಬ ಹೆಂಗಸನ್ನು ಮಲಗಿಸಿದ್ದರು. ಬಲಗಾಲಿಗೆ ಸುತ್ತಿದ ಸೀರೆ ನೆನೆದು ಕಪ್ಪಾಗಿತ್ತು.

"ಕಿಣ್ಣಿ ಸುಲ್ತಾನದ ನರ್ಸಬಾಯಿ ಅವರ್ರಿ ಸಾಹೇಬ್ರ," ಎಂದ ಟ್ರ್ಯಾಕ್ಟರಿನವ.

ಆ ಆಸ್ಪತ್ರೆಯ ಸರ್ಜನ್ ಆಗಿದ್ದ ನನಗೆ ಅವರ ಪರಿಚಯವಿತ್ತು. ಕಿಣ್ಣಿ ಸುಲ್ತಾನದ ಉಪಕೇಂದ್ರದಲ್ಲಿ ಹೆರಿಗೆ, ಚುಚ್ಚುಮದ್ದು ಎಲ್ಲ ನೋಡಿಕೊಳ್ಳುತ್ತಿದ್ದವರು. ಕೂಸು ಅಡ್ಡ ಬಂದರೆ, ರಕ್ತ ನಿಲ್ಲದಿದ್ದರೆ ಬಾಣಂತಿಯನ್ನು ಚಕ್ಕಡಿಯಲ್ಲೋ ಬಸ್ಸಿನಲ್ಲೋ ನಮ್ಮಲ್ಲಿಗೆ ಕರೆತರುತ್ತಿದ್ದರು. ಕರೆತಂದ ಮೇಲೂ ಹೋಗುತ್ತಿರಲಿಲ್ಲ, ಕೂಸು ಅತ್ತ ಮೇಲೆಯೇ ಚಹಾ ಕುಡಿಯುತ್ತಿದ್ದರು. ವಯಸ್ಸು ಮೂವತ್ತೈದರ ಆಸುಪಾಸು.

ಆ ಬೆಳಿಗ್ಗೆ ಹೊಲದ ವಸ್ತಿಯೊಂದರಲ್ಲಿ ಹೆರಿಗೆ ಮಾಡಿಸಿ, ಊರ ಕಡೆ ಹೊರಟಿದ್ದ ಟ್ರಾಲಿಯಲ್ಲಿ ತೊಗರಿ ಚೀಲಗಳ ಮೇಲೆ ಕೂತು ಬರುತ್ತಿದ್ದರಂತೆ. ಹಳ್ಳ ದಾಟುವಾಗ ಟ್ರಾಲಿ ವಾಲಿ ಅವರು ಕೆಳಗೆ ಬಿದ್ದರು. ಚೀಲಗಳೂ ಟ್ರಾಲಿಯ ಅಂಚೂ ಕಾಲ ಮೇಲೆ ಬಿದ್ದವು. ಮೊಣಕಾಲಿನಿಂದ ಪಾದಕ್ಕೆ ಇಳಿಯುವ ಎರಡೂ ಎಲುಬು ಮುರಿದು, ಮುಂದಿನದು ಚರ್ಮ ಹರಿದು ಹೊರಬಂದು ನೆಲಕ್ಕೆ ನಾಟಿತ್ತು.

ಕಾಲಿಗೆ ಸುತ್ತಿದ್ದ ಸೀರೆ ಬಿಚ್ಚುವಾಗ ಅವರೇ ಹೇಳಿದರು: "ಮೊದ್ಲ ಧನುರ್ವಾಯು ಇಂಜೆಕ್ಷನ್ ಹಾಕ್ರಿ ಸಾಹೇಬ್ರ. ಎಲುಬಿನಾಗ ಎರಿ ಮಣ್ಣ ಹೊಕ್ಕಾದ. ನಾನೇ ನೋಡೇನಿ."

ನೋವಿನಿಂದ ತುಟಿ ಬಿಳಿಚಿತ್ತು, ಧ್ವನಿ ಮಾತ್ರ ಡ್ಯೂಟಿಯಲ್ಲಿದ್ದಾಗಿನದೇ. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದೆ. ಬಡಿಯುತ್ತಿತ್ತು. ಬೆರಳು ಆಡಿಸಲು ಹೇಳಿದೆ. ಆಡಿಸಿದರು. ಕಾಲು ಜೀವಂತವಾಗಿತ್ತು. ಇದನ್ನು ನಾನು ಈಗಲೂ ಮರೆತಿಲ್ಲ: ನನ್ನ ಕೈಗೆ ಬಂದಾಗ ಆ ಕಾಲು ಜೀವಂತವಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳವು. ಅಂಥ ಕಾಲಿಗೆ ನಮ್ಮ ಕಡೆ ಎರಡೇ ದಾರಿ ಇದ್ದವು. ಒಂದು, ತೊಳೆದು ಎಳೆದು ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸುವುದು. ಅದು ಸೊಟ್ಟ ಕೂಡಿದರೆ ಸೊಟ್ಟ. ಇನ್ನೊಂದು, ಕಡಿಯುವುದು. ಮೂರನೆಯದನ್ನು ನಾನು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಲಿತು ಬಂದಿದ್ದೆ. ಮುರಿದ ತುದಿಗಳನ್ನು ಕೂದಲೆಳೆಯಷ್ಟೂ ಸಂದು ಬಿಡದೆ ಕೂಡಿಸಿ, ಉಕ್ಕಿನ ಪ್ಲೇಟು ಇಟ್ಟು ಸ್ಕ್ರೂ ಬಿಗಿಯುವುದು. ಪ್ಲಾಸ್ಟರ್ ಬೇಡ, ವಾರದೊಳಗೆ ಕೀಲು ಆಡಿಸಬಹುದು. ತಾಲೂಕು ಆಸ್ಪತ್ರೆಯಲ್ಲಿ ಇದನ್ನು ಯಾರೂ ಮಾಡುತ್ತಿರಲಿಲ್ಲ. ಬರುವಾಗ ನಾನು ಪ್ಲೇಟು, ಸ್ಕ್ರೂ, ಕೈಯಿಂದ ತಿರುಗಿಸುವ ಡ್ರಿಲ್ ಇದ್ದ ಪೆಟ್ಟಿಗೆಯನ್ನು ತಂದಿದ್ದೆ. ಅಲ್ಲಿಯವರೆಗೆ ಏಳು ಜನರಿಗೆ ಹಾಕಿದ್ದೆ. ಏಳೂ ಚರ್ಮ ಹರಿಯದ ಮುರಿತಗಳು, ಏಳೂ ಚೆನ್ನಾಗಿ ಕೂಡಿದ್ದವು.

ಅರಿವಳಿಕೆಯವರು ನಮ್ಮಲ್ಲಿರಲಿಲ್ಲ. ಬೆನ್ನಿಗೆ ಚುಚ್ಚುವ ಮದ್ದನ್ನು ನಾನೇ ಕೊಟ್ಟೆ. ನಾಡಿ, ರಕ್ತದೊತ್ತಡ ನೋಡಲು ಕಂಪೌಂಡರ್ ನಿಂತ. ಎದುರಿಗೆ ಥಿಯೇಟರ್ ಸಿಸ್ಟರ್, ಜೇವರ್ಗಿ ಕಡೆಯ ಹಿರಿಯ ಹೆಂಗಸು, ನಿವೃತ್ತಿಗೆ ಹತ್ತಿರವಾದವರು. ಸಲೈನ್ ಬಾಟಲಿಗಳನ್ನು ಒಂದೊಂದಾಗಿ ಗಾಯದ ಮೇಲೆ ಸುರಿದೆವು. ನಮ್ಮ ಕಡೆಯ ಕಪ್ಪು ಎರೆಮಣ್ಣು ಮಿಕ್ಕ ಮಣ್ಣಿನಂತಲ್ಲ. ನೀರು ಬಿದ್ದಷ್ಟೂ ಅಂಟುತ್ತದೆ. ಮಾಂಸದ ಎಳೆಗಳ ನಡುವೆ ಕಾಡಿಗೆಯಂತೆ ಹಿಡಿದಿತ್ತು. ಎಲುಬಿನ ಕೊಳವೆಯೊಳಗೆ ಒಂದು ಬೆರಳುದ್ದ ಹೊಕ್ಕಿದ್ದ ಮಣ್ಣನ್ನು ಸಣ್ಣ ಚಮಚದಂಥ ಉಪಕರಣದಿಂದ ಕೆರೆದು ತೆಗೆದೆ. ಒಂಬತ್ತನೆಯ ಬಾಟಲಿಗೆ ಸಲೈನ್ ಮುಗಿಯಿತು. ಕುದಿಸಿ ಆರಿಸಿದ ನೀರಿನಿಂದ ಮತ್ತೆ ತೊಳೆದೆವು. ಗಾಯ ಒರೆಸಿದ ಬಟ್ಟೆ ಬೆಳ್ಳಗೆ ಬರತೊಡಗಿದ ಮೇಲೆ ಪ್ಲೇಟು ಕೇಳಿದೆ.

ಎಂಟು ರಂಧ್ರದ ಪ್ಲೇಟು ಎಲುಬಿನ ಮೇಲೆ ಸರಿಯಾಗಿ ಕೂತಿತು. ಆದರೆ ಅದು ಕೂತ ಮೇಲೆ ಚರ್ಮ ಸಾಲಲಿಲ್ಲ. ಊದಿದ ಕಾಲು, ಜಜ್ಜಿದ ಅಂಚು. ಸೂಜಿ ಕೇಳಿದಾಗ ಸಿಸ್ಟರ್ ಕೊಡಲಿಲ್ಲ.

"ಚರ್ಮ ಬಿಗಿ ಆಗಾಕತ್ತದರಿ ಸರ್. ತೆರದ ಬಿಡೋಣೇನ್ರಿ? ಇದು ಎರಿ ಮಣ್ಣಿನ ಗಾಯ."

"ಆರು ತಾಸು ಇನ್ನೂ ಆಗಿಲ್ಲ ಸಿಸ್ಟರ್. ಆರು ತಾಸಿನ ಒಳಗ ಹೊಲೀಬಹುದು. ಕೊಡ್ರಿ."

ಅವರು ಸೂಜಿ ಕೊಟ್ಟರು. ಎಳೆದು ಎಳೆದು ಗಂಟು ಹಾಕಿದೆ. ಗಂಟಿನ ಸುತ್ತ ಚರ್ಮ ಬೆಳ್ಳಗಾದುದನ್ನು ನೋಡಿದೆ. ಸಂಜೆಗೆ ಬಣ್ಣ ಬರುತ್ತದೆ ಎಂದುಕೊಂಡೆ.

ಮರುದಿನ ಎಕ್ಸ್-ರೇ ತೆಗೆದೆವು. ತೇವದ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಾಗ ಎಲುಬು ಮುರಿದೇ ಇಲ್ಲವೆಂಬಂತೆ ನೇರವಾಗಿತ್ತು. ಅವರ ಗಂಡ ಆಳಂದದ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆಯ ಮನುಷ್ಯ. ಅವನನ್ನು ಕರೆದು ತೋರಿಸಿದೆ. ಅವನು ಫಿಲ್ಮಿಗೇ ಕೈಮುಗಿದ.

ನಾಲ್ಕನೆಯ ದಿನ ಜ್ವರ ಏರಿತು. ವಾರ್ಡಿಗೆ ಹೋದಾಗ ಅವರು, "ವಾಸನಿ ಬರಾಕತ್ತದ ಸಾಹೇಬ್ರ, ಬಿಚ್ಚ್ರಿ," ಎಂದರು. ಬ್ಯಾಂಡೇಜು ಬಿಚ್ಚಿದರೆ ಹೊಲಿಗೆಯ ಎರಡೂ ಬದಿ ಚರ್ಮ ನೀಲಿಯಾಗಿ ಒಣಗಿತ್ತು. ಮೂರು ಹೊಲಿಗೆ ಕತ್ತರಿಸಿದೊಡನೆ ಕೀವು ಒತ್ತಿಕೊಂಡು ಬಂತು. ಉಳಿದವನ್ನೂ ಕತ್ತರಿಸಿದೆ. ಗಾಯದ ತಳದಲ್ಲಿ ನನ್ನ ಪ್ಲೇಟು ಹೊಳೆಯುತ್ತಿತ್ತು.

ಆಮೇಲಿನ ಐದು ವಾರಗಳಲ್ಲಿ ದಿನಕ್ಕೆರಡು ಸಲ ಡ್ರೆಸಿಂಗ್ ಮಾಡಿದೆ. ಪ್ಲೇಟು ಗಟ್ಟಿ ಹಿಡಿದಿರುವಷ್ಟು ದಿನ ಅದನ್ನು ತೆಗೆಯಬೇಡ, ಕೀವಿದ್ದರೂ ಎಲುಬು ಕೂಡಬಹುದು ಎಂದು ಕಲಿತಿದ್ದೆ. ಅದನ್ನೇ ನಂಬಿ ಕೂತೆ. ಐದನೆಯ ವಾರ ಚಿಮಟದಿಂದ ಮುಟ್ಟಿದರೆ ಸ್ಕ್ರೂಗಳು ಅಲುಗಾಡಿದವು. ಮತ್ತೆ ಥಿಯೇಟರಿಗೆ ಒಯ್ದು ಪ್ಲೇಟು ತೆಗೆದೆ. ಅಡಿಯಲ್ಲಿದ್ದ ಎಲುಬು ಹಾಲಿನಂತೆ ಬೆಳ್ಳಗಿತ್ತು. ಜೀವಂತ ಎಲುಬನ್ನು ಉಳಿಯಿಂದ ಕೆತ್ತಿದರೆ ಸಣ್ಣ ಸಣ್ಣ ಚುಕ್ಕೆಯಾಗಿ ರಕ್ತ ಜಿನುಗುತ್ತದೆ. ಇಲ್ಲಿ ನಾಲ್ಕು ಬೆರಳಿನಗಲ ಎಷ್ಟು ಕೆತ್ತಿದರೂ ಜಿನುಗಲಿಲ್ಲ. ಮುರಿತದಿಂದ ಅರ್ಧ ಸತ್ತಿದ್ದ ಎಲುಬಿನ ಮೇಲಿನ ಪೊರೆಯನ್ನು ಪ್ಲೇಟು ಕೂರಿಸಲೆಂದು ನಾನೇ ಸುಲಿದಿದ್ದೆ. ಅದಕ್ಕೆ ಉಳಿದಿದ್ದ ರಕ್ತದ ದಾರಿ ಅದೊಂದೇ ಆಗಿತ್ತು.

ಎಕ್ಸ್-ರೇಗಳನ್ನು ಹಿಡಿದು ಗುಲಬರ್ಗಾಕ್ಕೆ ಹೋದೆ. ಅಲ್ಲಿ ಎಲುಬು-ಕೀಲಿನ ಹಿರಿಯ ಸರ್ಜನ್ ಒಬ್ಬರಿದ್ದರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಂದೊಂದೇ ಫಿಲ್ಮನ್ನು ಕ್ರಮವಾಗಿ ನೋಡಿದರು. ಮೊದಲನೆಯದನ್ನು ಹೆಚ್ಚು ಹೊತ್ತು ನೋಡಿದರು.

"ಪ್ಲೇಟ್ ಛಲೋ ಹಾಕೀರಿ," ಎಂದರು. "ಹಾಕಬಾರದಿತ್ತು."

ನಾನು ಫಿಲ್ಮುಗಳನ್ನು ಲಕೋಟೆಗೆ ಹಾಕತೊಡಗಿದೆ.

"ಮಣಕಾಲ ಕೆಳಗ ತಗೀರಿ. ಮೂರ ತಿಂಗಳದಾಗ ಕಟ್ಟಿಗಿ ಕಾಲ ಹಾಕ್ಕೊಂಡು ನಡೀತಾರ. ಉಳಸಾಕ ಹೋದ್ರ ಒಂದ ವರ್ಷ ಹೋಗ್ತದ, ಕಡೀಕ ಕಾಲೂ ಹೋಗ್ತದ." ಹಾಗೆಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಚೀಟಿ ನನ್ನ ಜೇಬಿನಲ್ಲಿತ್ತು. ಆಳಂದ ಬರುವಷ್ಟರಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಗಂಡ ಆಸ್ಪತ್ರೆಯ ಗೇಟಿನಲ್ಲೇ ನಿಂತಿದ್ದ.

"ಏನಂದ್ರು ಸಾಹೇಬ್ರ?"

"ಭಾಳ ದಿನ ಹಿಡೀತದ ಅಂದ್ರು. ಉಳಸೋಣ."

ಚೀಟಿಯ ಮಾತು ನಾನು ಹೇಳಲಿಲ್ಲ. ಅವನಿಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಚೀಟಿಯನ್ನು ಅವರ ಕೇಸ್ ಶೀಟಿನ ಕಾಗದಗಳ ನಡುವೆ ಹಾಕಿ ಮೇಜಿನಲ್ಲಿಟ್ಟೆ.

ಉಳಿಸುವ ದಾರಿ ಇರಲಿಲ್ಲವೆಂದಲ್ಲ. ಆ ವರ್ಷಗಳಲ್ಲಿ ಅದೇ ಹೊಸದಾಗಿ ನಮ್ಮ ಕಡೆ ಬರುತ್ತಿತ್ತು. ಕೆಟ್ಟ ಗಾಯದೊಳಗೆ ಲೋಹ ಇಡದೆ, ಗಾಯದಿಂದ ದೂರ ಮೇಲೆರಡು ಕೆಳಗೆರಡು ಉಕ್ಕಿನ ಮೊಳೆಗಳನ್ನು ಎಲುಬಿನ ಮೂಲಕ ಅಡ್ಡ ದಾಟಿಸಿ, ಕಾಲಿನ ಹೊರಗೆ ಸಲಾಕೆಗಳಿಗೆ ಬಿಗಿಯುವುದು. ಎಲುಬು ಅಲುಗಾಡುವುದಿಲ್ಲ, ಗಾಯ ತೆರೆದೇ ಇರುತ್ತದೆ. ಸತ್ತ ಎಲುಬನ್ನು ಪೂರ್ತಿ ಕತ್ತರಿಸಿ ತೆಗೆದು, ಗಾಯದಲ್ಲಿ ಕೆಂಪು ಮಾಂಸ ಮೂಡಿದ ಮೇಲೆ ಸೊಂಟದ ಎಲುಬಿನಿಂದ ಮೆತ್ತಗಿನ ತುಣುಕು ತೆಗೆದು ಆ ಖಾಲಿ ಜಾಗಕ್ಕೆ ತುಂಬುವುದು. ಮುಚ್ಚದೆ ದಿನಾ ಸಲೈನಿನಲ್ಲಿ ನೆನೆಸುತ್ತಿದ್ದರೆ ತುಣುಕುಗಳು ಬೇರುಬಿಟ್ಟು ಎಲುಬಾಗುತ್ತವೆ. ಇದನ್ನು ಒಂದು ಜರ್ನಲ್ಲಿನಲ್ಲಿ ಓದಿದ್ದೆ, ಒಮ್ಮೆ ಮಾಡುವುದನ್ನೂ ನೋಡಿದ್ದೆ. ಹೊರಗಿನ ಸಲಾಕೆ, ಹಿಡಿಕೆಗಳ ಸೆಟ್ಟು ಸೊಲ್ಲಾಪುರದ ಒಬ್ಬ ಸರ್ಜನ್ ಹತ್ತಿರವಿತ್ತು. ಅಕ್ಕಲಕೋಟ ಬಸ್ಸು ಹಿಡಿದು ಹೋಗಿ ಕೇಳಿ ತಂದೆ.

ಯುಗಾದಿ ಕಳೆದ ಮೇಲೆ ಮೊಳೆ ಹಾಕಿ, ನಾಲ್ಕು ಬೆರಳಗಲದ ಸತ್ತ ಎಲುಬನ್ನು ಗರಗಸದಿಂದ ಕೊಯ್ದು ತೆಗೆದೆ. ಮುಂಗಾರಿಗೆ ಮುಂಚೆ ಎಡ ಸೊಂಟದಿಂದ ತುಣುಕು ತುಂಬಿದೆ. ಹತ್ತು ದಿನದ ಮೇಲೆ ಡ್ರೆಸಿಂಗ್ ತೆಗೆದಾಗ ತುಣುಕುಗಳ ನಡುವೆ ಕೆಂಪು ಮಾಂಸ ದಾಳಿಂಬರ ಕಾಳಿನಂತೆ ಮೂಡಿತ್ತು. ಸಿಸ್ಟರ್ ಬಾಗಿ ನೋಡಿ, "ಹಿಡದದರಿ ಸರ್," ಎಂದರು. ಆ ವಾರವೊಂದು ನಾನು ಚೆನ್ನಾಗಿ ಉಂಡೆ.

ಜಿಟಿ ಜಿಟಿ ಮಳೆ ಹತ್ತಿದ ಮೇಲೆ ಗಾಯಕ್ಕೆ ಕಟ್ಟಿದ ಬಟ್ಟೆ ಹಸಿರಾಯಿತು. ಹಸಿರು ಕೀವಿಗೆ ಒಂದು ಸಿಹಿ ವಾಸನೆಯಿರುತ್ತದೆ, ಒಮ್ಮೆ ಮೂಗಿಗೆ ಬಿದ್ದರೆ ವಾರ್ಡಿನ ಬಾಗಿಲಲ್ಲೇ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಬಟ್ಟೆಗೆ ಅಂಟಿಕೊಂಡು ಎರಡು ಮೂರು ಎಲುಬಿನ ತುಣುಕು ಬರತೊಡಗಿದವು. ಅವರು ಕತ್ತೆತ್ತಿ ಕೇಳುತ್ತಿದ್ದರು, "ಇವತ್ತ ಎಷ್ಟ ಬಂದ್ವು?" ನಾನು ಒಂದು ಎನ್ನುತ್ತಿದ್ದೆ. ಅವರಿಗೆ ಟ್ರೇ ಕಾಣುತ್ತಿತ್ತು.

ಕೀವನ್ನು ಗುಲಬರ್ಗಾಕ್ಕೆ ಪರೀಕ್ಷೆಗೆ ಕಳಿಸಿದೆ. ನಾನು ಕೊಡುತ್ತಿದ್ದ ಯಾವ ಮದ್ದಿಗೂ ಅದು ಬಗ್ಗುವುದಿಲ್ಲವೆಂದು ಬಂತು. ಕೆಲಸ ಮಾಡಬಹುದಾದದ್ದು ಕ್ಯಾನಾಮೈಸಿನ್ನಿನ ಜಾತಿಯ ಇಂಜೆಕ್ಷನ್ನು. ಶುರು ಮಾಡಿದೆ. ಅದು ಮೂತ್ರಪಿಂಡಕ್ಕೆ ಕೆಟ್ಟದ್ದೆಂದು ಮೂತ್ರದ ಪ್ರಮಾಣ ಬರೆಸುತ್ತಿದ್ದೆ. ಕಿವಿಗೂ ಕೆಟ್ಟದ್ದೆಂದು ಗೊತ್ತಿತ್ತು. ಕಿವಿಯ ಬಗ್ಗೆ ಮಾತ್ರ ಒಂದು ದಿನವೂ ಕೇಳಲಿಲ್ಲ. ಕೀವು ಕಡಿಮೆಯಾದಂತೆ ಕಂಡಿತು. ಇನ್ನೊಂದು ಕೋರ್ಸು ಬರೆದೆ. ಬಲ ಸೊಂಟದಿಂದ ಎರಡನೆಯ ಸಲ ತುಣುಕು ತುಂಬಿದೆ. ಆಮೇಲೆ ಮೂರನೆಯ ಕೋರ್ಸು.

ಏಳು ತಿಂಗಳಾಗಿತ್ತು. ಅವರ ತುಂಬಿದ ಮೈ ಅರ್ಧವಾಗಿತ್ತು. ಎರಡೂ ಸೊಂಟ ನೋಯುವುದರಿಂದ ಯಾವ ಮಗ್ಗುಲಿಗೂ ಮಲಗಲಾಗುತ್ತಿರಲಿಲ್ಲ. ಮೊಳೆಗಳ ಬುಡದಲ್ಲಿ ಚರ್ಮ ಕೆಂಪಾಗಿ ನೀರು ಸುರಿಯುತ್ತಿತ್ತು. ಗಂಡ ಮಿಲ್ಲಿನ ಪಾಳಿ ಮುಗಿಸಿ ಮೈಗೆ ಅಂಟಿದ ಬೇಳೆಯ ಧೂಳಿನಲ್ಲೇ ಬಂದು ಕಾಲ ಬಳಿ ಕೂರುತ್ತಿದ್ದ. ನಾನು ಬೇರೆ ಕೆಲಸಗಳನ್ನು ಬೇಗ ಬೇಗ ಮುಗಿಸಿ ಅವರ ಹಾಸಿಗೆಗೆ ಬರುತ್ತಿದ್ದೆ. ಎಲುಬು ಮುರಿದ ಬೇರೆಯವರಿಗೆ ಪ್ಲೇಟು ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದೆ. ಪೆಟ್ಟಿಗೆ ಕಪಾಟಿನಲ್ಲಿತ್ತು.

ಒಂದು ಮಧ್ಯಾಹ್ನ ಡ್ರೆಸಿಂಗ್ ಮುಗಿಸಿ ಕೈ ತೊಳೆಯುವಾಗ, ಅವರಿಗೆ ಬೆನ್ನು ಮಾಡಿದ್ದಂತೆಯೇ ನಾನು ಏನೋ ಪ್ರಶ್ನೆ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದೆ. ತಿರುಗಿ ನೋಡಿದರೆ ಅವರು ಕೈಗಡಿಯಾರವನ್ನು ಬಲಗಿವಿಗೆ ಹಿಡಿದಿದ್ದರು. ಆಮೇಲೆ ಎಡಗಿವಿಗೆ. ಮತ್ತೆ ಬಲಗಿವಿಗೆ.

"ಏನಾತು?"

"ಏನಿಲ್ಲರಿ." ಗಡಿಯಾರವನ್ನು ದಿಂಬಿನ ಕೆಳಗಿಟ್ಟರು. "ಸಾಹೇಬ್ರ, ನನ್ನ ಒಮ್ಮೆ ಹೆರಿಗಿ ವಾರ್ಡಿಗೆ ಕರಕೊಂಡು ಹೋಗ್ರಿ."

"ಯಾಕ?"

"ಹೋಗ್ಬೇಕಾಗ್ಯಾದ."

ಗಾಲಿ ಮಂಚದ ಮೇಲೆ ಮಲಗಿಸಿ, ಸಲಾಕೆ ಬಿಗಿದ ಕಾಲಿಗೆ ದಿಂಬಿಟ್ಟು ಸಿಸ್ಟರ್ ಮತ್ತು ನಾನೇ ತಳ್ಳಿಕೊಂಡು ಹೋದೆವು. ಅಲ್ಲಿ ತುಂಬು ಗರ್ಭಿಣಿಯೊಬ್ಬಳು ನೋವಿಗೆ ಕಾಯುತ್ತ ಮಲಗಿದ್ದಳು. ನರ್ಸಬಾಯಿ ತಮ್ಮ ಮಂಚವನ್ನು ಅವಳ ಮಂಚಕ್ಕೆ ಹಚ್ಚಿಸಿಕೊಂಡರು. ಕೂಸಿನ ಎದೆಬಡಿತ ಕೇಳುವ ಕೊಳವೆ ತರಿಸಿದರು. ಹೊಟ್ಟೆಯನ್ನು ಎರಡೂ ಕೈಯಿಂದ ಮುಟ್ಟಿ ಕೂಸಿನ ಬೆನ್ನು ಯಾವ ಕಡೆ ಇದೆಯೆಂದು ಗುರುತಿಸಿದರು. ಕೊಳವೆ ಇಟ್ಟು, ಮೊಣಕೈಯ ಮೇಲೆ ಎದ್ದು ಬಾಗಿ ಬಲಗಿವಿ ಹಚ್ಚಿದರು.

ಬಹಳ ಹೊತ್ತು ಹಾಗೇ ಇದ್ದರು. ಗರ್ಭಿಣಿ ಹೆದರಿ, "ಏನಾಗ್ಯಾದ್ರಿ ಬಾಯಿ? ಕೂಸು ಛಂದ ಅದನೋ ಇಲ್ಲೋ?" ಎಂದಳು.

"ಛಂದ ಅದವ್ವಾ. ನಿಂದ್ರು." ಕಷ್ಟಪಟ್ಟು ಹೊರಳಿ ಎಡಗಿವಿ ಹಚ್ಚಿದರು. ಅವರ ಬೆರಳು ಮಂಚದ ಅಂಚಿನ ಮೇಲೆ ಬಡಿತದ ಲಯಕ್ಕೆ ತಾಳ ಹಾಕತೊಡಗಿತು. ಆಮೇಲೆ ಕೊಳವೆಯನ್ನು ಸಿಸ್ಟರ್ ಕೈಗೆ ಕೊಟ್ಟು ಮಲಗಿಕೊಂಡರು.

ವಾರ್ಡಿಗೆ ವಾಪಸು ಬಂದ ಮೇಲೆ ಹೇಳಿದರು. "ಬಲಗಿವ್ಯಾಗ ಮೂರ ವಾರದಿಂದ ಕಿರ್ ಅಂತ ಹುಳ ಕೂಗಿದಂಗ ಕೇಳಾಕತ್ತದ. ಅಶಕ್ತಿ ಇರಬೇಕು ಅಂತ ಸುಮ್ಮನಿದ್ದೆ. ಇವತ್ತ ಕೂಸಿನ ಎದಿ ಬಡತ ಬಲಗಿವಿಗೆ ಕೇಳಲಿಲ್ಲ. ಎಡಗಿವಿಗೆ ದೂರ ಕೇಳ್ತದ. ಈ ಇಂಜೆಕ್ಷನ್ನಿಂದ ಅಲ್ಲೇನ್ರಿ?"

"ಹೌದು," ಎಂದೆ. "ಇವತ್ತೇ ನಿಲ್ಲಸ್ತೇನಿ."

"ಹೋದದ್ದು ಬರ್ತದೇನ್ರಿ?"

"ಬರೋದಿಲ್ಲ."

ಅವರು ಅಳಲಿಲ್ಲ. ಮೇಲೆ ತಿರುಗುತ್ತಿದ್ದ ಪಂಖಾದ ಕಡೆ ನೋಡುತ್ತಿದ್ದರು. "ನಿಲ್ಲಸಿದ್ರ ಕೀವು ಏರ್ತದ. ಹೌದಿಲ್ಲೋ?"

"ಬ್ಯಾರೆ ಮದ್ದು ನೋಡೋಣ. ಮೂರನೇ ಸಲ—"

"ಬ್ಯಾಡ್ರಿ. ಕಾಲು ತಗೀರಿ."

ಗಂಡ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಒಳಗೆ ಬಂದು, "ಏನ್ ಮಾತಾಡಾಕತ್ತಿ ಬೇ? ಇಷ್ಟ ದಿನ ತಡದೀವಿ. ಸಾಹೇಬ್ರು ಉಳಸ್ತೀನಿ ಅಂದಾರ," ಎಂದ.

ನಾನು ಅವನ ಮಾತಿನ ಆಸರೆಯಲ್ಲೇ ಮಾತಾಡಿದೆ. ಇನ್ನೂ ಒಂದು ಉಪಾಯವಿದೆ, ಪಕ್ಕದ ಸಣ್ಣೆಲುಬನ್ನು ಸರಿಸಿ ಕೂಡಿಸಬಹುದು, ಇಷ್ಟು ದೂರ ಬಂದು ಕೈಬಿಡುವುದು ಬೇಡ ಎಂದೆ.

ಅವರು ದಿಂಬಿನ ಕೆಳಗೆ ಕೈ ಹಾಕಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಗುಲಬರ್ಗಾದ ಚೀಟಿ. "ಎರಡ ತಿಂಗಳ ಹಿಂದ ಕೇಸ್ ಶೀಟಿನಾಗ ಸಿಕ್ಕಿತ್ತು. ಡ್ರೆಸಿಂಗಿಗೆ ಒಯ್ಯುವಾಗ ನನ್ನ ಎದಿ ಮ್ಯಾಲೇ ಇಟ್ಟಿದ್ರಿ. ನಾನೂ ನರ್ಸ್ ಇದ್ದೀನ್ರಿ ಸಾಹೇಬ್ರ, ಓದಾಕ ಬರ್ತದ."

ಗಂಡ ನನ್ನ ಮುಖ ನೋಡಿದ. ಅವನಿಗೆ ಚೀಟಿಯಲ್ಲಿ ಏನಿದೆಯೆಂದು ತಿಳಿಯಲಿಲ್ಲ, ಏನೋ ಇದೆಯೆಂದು ತಿಳಿಯಿತು.

"ಅದನ್ನ ನೋಡಿನೂ ಸುಮ್ಮನಿದ್ದೆ," ಎಂದರು. "ಉಳದ್ರ ಉಳೀಲಿ ಅಂತ ನನಗೂ ಆಸೆ ಇತ್ತು. ಆದ್ರ ಇವತ್ತ ತಿಳೀತು. ನೀವು ನನ್ನ ಕಾಲು ಉಳಸಾಕತ್ತಿಲ್ಲ ಸಾಹೇಬ್ರ. ನೀವು ಮಾಡಿದ್ದನ್ನ ಅಳಸಾಕತ್ತೀರಿ. ಕಾಲಿಲ್ಲಂದ್ರೂ ನಾ ಹೆರಿಗಿ ಮಾಡಸ್ತೇನಿ. ಕಿವಿ ಇಲ್ಲಂದ್ರ ಹೊಟ್ಟ್ಯಾನ ಕೂಸು ಬದುಕ್ಯಾದೋ ಸತ್ತದೋ ಹ್ಯಾಂಗ ತಿಳೀಲಿ?"

ನಾನು ಹೊರಗೆ ಬಂದು ನನ್ನ ಮೇಜಿನಲ್ಲಿ ಕೂತೆ. ಕೆಲಸ ಬಿಟ್ಟುಬಿಡುವುದೆಂದು ಅವತ್ತು ನಿಜವಾಗಿಯೂ ಕಾಗದ ಬರೆಯಲು ತೆಗೆದುಕೊಂಡೆ. ಸಿಸ್ಟರ್ ಬಂದು ಎದುರಿಗೆ ನಿಂತರು. ನನ್ನ ಕಾಗದ ನೋಡಿ, "ಅದು ಆಮ್ಯಾಲ ಬರೀರಿ ಸರ್. ಮೊದ್ಲ ಒಪ್ಪಿಗಿ ಪತ್ರ ಬರೀರಿ. ಬಾಯಿಯವರು ಸಹಿಗೆ ಕಾಯಾಕತ್ತಾರ," ಎಂದರು.

ಬರೆದೆ. ಏನು ಮಾಡಲಾಗುವುದು ಎಂಬುದರ ಜೊತೆ ಯಾಕೆ ಎಂಬುದನ್ನೂ ಬರೆದೆ: ಮಣ್ಣು ಹೊಕ್ಕ ಗಾಯದಲ್ಲಿ ಪ್ಲೇಟು ಹಾಕಿ ಹೊಲಿದದ್ದರಿಂದ ಸೋಂಕು, ಸೋಂಕಿಗೆ ಕೊಟ್ಟ ಮದ್ದಿನಿಂದ ಕಿವುಡು. ಅವರು ಪೂರ್ತಿ ಓದಿ ಸಹಿ ಹಾಕಿದರು. ಗಂಡನಿಗೆ ನಾನೇ ಓದಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತಿದ. ಆಮೇಲೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತ.

ಕಾಲು ತೆಗೆಯುವುದನ್ನು ನಾವು ಸೋಲಿನ ಕೆಲಸವೆಂದು ಅವಸರದಲ್ಲಿ ಮಾಡಿ ಮುಗಿಸುತ್ತಿದ್ದೆವು. ಆ ದಿನ ನಾನು ಅವಸರ ಮಾಡಲಿಲ್ಲ. ಉಳಿಯುವ ತುದಿಯ ಮೇಲೆ ಅವರ ಇಡೀ ಭಾರ ನಿಲ್ಲಬೇಕಿತ್ತು. ಮೊಣಕಾಲಿನಿಂದ ಒಂದು ಗೇಣಿಗೂ ಕಡಿಮೆ ಉದ್ದ ಬಿಟ್ಟು ಗುರುತು ಹಾಕಿದೆ. ಮುಂದಿನ ಚರ್ಮ ಕೆಟ್ಟಿದ್ದರಿಂದ ಹಿಂದಿನ ಮೀನಖಂಡದ ಮಾಂಸ, ಚರ್ಮವನ್ನು ಉದ್ದ ಬಿಟ್ಟುಕೊಂಡೆ, ಅದನ್ನೇ ಮುಂದಕ್ಕೆ ಮಡಚಿ ಮೆತ್ತೆಯಾಗಿಸಲು. ನರವನ್ನು ಮೆಲ್ಲಗೆ ಎಳೆದು ಮೇಲೆ ಕತ್ತರಿಸಿದೆ, ಅದು ಮಾಂಸದೊಳಗೆ ಸರಿದು ಹೋಗಲೆಂದು. ಎಲುಬಿನ ಮುಂದಿನ ಅಂಚನ್ನು ಓರೆಯಾಗಿ ಗರಗಸದಿಂದ ಕೊಯ್ದು, ಅರ ಹಾಕಿ ನುಣುಪು ಮಾಡಿದೆ. ಕೊಯ್ದ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗಿತು.

ಸಿಸ್ಟರ್ ಸೂಜಿ ಹಿಡಿದು ನಿಂತಿದ್ದರು. ಬೇಡವೆಂದು ತಲೆಯಾಡಿಸಿದೆ. ಮೆತ್ತೆಯನ್ನು ಹೊಲಿಯದೆ, ಬಟ್ಟೆ ತುಂಬಿ ತೆರೆದೇ ಬಿಟ್ಟೆ. ಐದು ದಿನ ಕಾದು, ಕೀವಿಲ್ಲವೆಂದು ಖಾತ್ರಿಯಾದ ಮೇಲೆ ಸಡಿಲವಾಗಿ ಹೊಲಿದೆ. ಹತ್ತು ದಿನಕ್ಕೆ ಕೂಡಿತು. ಆ ಎಂಟು ತಿಂಗಳಲ್ಲಿ ಆ ಕಾಲಿನ ಮೇಲೆ ನನ್ನ ಕೈಯಲ್ಲಿ ಸರಿಯಾಗಿ ಮಾಯ್ದ ಗಾಯ ಅದೊಂದೇ.

ಸೊಲ್ಲಾಪುರದಲ್ಲಿ ಕೃತಕ ಕಾಲು ಮಾಡುವ ಕಾರಖಾನೆಯೊಂದಿತ್ತು. ಹಳೆಯ ಮಾದರಿಯ ಮರದ ಕಾಲಿಗೆ ಬೂಟೇ ಬೇಕು, ನೆಲಕ್ಕೆ ಕೂರಲಾಗುವುದಿಲ್ಲ. ನೆಲಕ್ಕೆ ಕೂರಲಾಗದ ಸೂಲಗಿತ್ತಿಯಿಂದ ಹಳ್ಳಿಯಲ್ಲಿ ಏನು ಉಪಯೋಗ? ಆಗ ರಬ್ಬರಿನ ಪಾದವಿರುವ ಕಾಲು ಬಂದಿತ್ತು, ಬರಿಗಾಲಿನಂತೆಯೇ ಬಗ್ಗುತ್ತಿತ್ತು. ಗಂಡನೇ ಅವರನ್ನು ಅಲ್ಲಿಗೆ ಎರಡು ಸಲ ಕರೆದೊಯ್ದು ಅಳತೆ ಕೊಡಿಸಿದ. ನನ್ನ ಜೊತೆ ಅವನು ಆ ದಿನದಿಂದ ಮಾತಾಡಲಿಲ್ಲ, ಬೇಕಾದದ್ದನ್ನು ಸಿಸ್ಟರ್ ಮೂಲಕ ಕೇಳುತ್ತಿದ್ದ. ಆಸ್ಪತ್ರೆಯ ಪಡಸಾಲೆಯಲ್ಲಿ ಅವರು ಗೋಡೆ ಹಿಡಿದು ನಡೆಯುವುದನ್ನು ಕಲಿತರು. ತೊಗಲು ಕಿತ್ತು ರಕ್ತ ಬಂದ ದಿನವೂ ಎರಡು ಸುತ್ತು ಹೆಚ್ಚೇ ಹಾಕುತ್ತಿದ್ದರು.

ಕೆಲಸಕ್ಕೆ ಮರಳಲು ಗುಲಬರ್ಗಾದಲ್ಲಿ ಮೂವರು ವೈದ್ಯರ ಮಂಡಳಿಯ ಮುಂದೆ ಹೋಗಬೇಕಿತ್ತು. ನಾನೂ ಜೊತೆಗೆ ಹೋದೆ. ಹಿರಿಯ ಸರ್ಜನ್ ಅವರೂ ಅದರಲ್ಲಿದ್ದರು. ಇನ್ನೊಬ್ಬರು ಕಾಗದದಿಂದ ತಲೆಯೆತ್ತದೆ, "ಕಾಲಿಲ್ಲ, ಒಂದ ಕಿವಿ ಇಲ್ಲ. ಇವರ ಕಡಿಂದ ಏನ್ ಕೆಲಸ ಆಗ್ತದರಿ?" ಎಂದು ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ನರ್ಸಬಾಯಿ ಸೆರಗು ಸಿಕ್ಕಿಸಿಕೊಂಡು ಅವರ ಮೇಜಿನ ಮುಂದೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತರು. ಕೂತಲ್ಲೇ ಎರಡೂ ಕೈ ಮುಂದೆ ಚಾಚಿ, ಕೂಸನ್ನು ಹಿಡಿಯುವವರಂತೆ ಅಂಗೈ ತೆರೆದರು. ಆಮೇಲೆ ಯಾವ ಆಸರೆಯನ್ನೂ ಹಿಡಿಯದೆ ಎದ್ದು ನಿಂತರು. ಮೇಲೇಳುವಾಗ ಹಣೆಯಲ್ಲಿ ಬೆವರು ಕಂಡಿತು.

ಹಳ್ಳಿ ತಿರುಗುವ ಕೆಲಸಕ್ಕೆ ಮಂಡಳಿ ಒಪ್ಪಲಿಲ್ಲ. ಆಸ್ಪತ್ರೆಯೊಳಗಿನ ಹೆರಿಗೆ ವಾರ್ಡಿಗೆ ಆಗಬಹುದೆಂದು ಬರೆದರು. ಜೇವರ್ಗಿಯ ಆಸ್ಪತ್ರೆಗೆ ಹಾಕಿದರು. ಕಿಣ್ಣಿ ಸುಲ್ತಾನದ ಉಪಕೇಂದ್ರ ಅವರಿಗೆ ತಪ್ಪಿಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ನಾನು ಅವರ ಎಡಕ್ಕೆ ಕೂತೆ, ಕೇಳುವ ಕಿವಿಯ ಕಡೆ. ಕಡಗಂಚಿ ದಾಟಿದ ಮೇಲೆ ಅವರು ಕೇಳಿದರು.

"ಆ ದಿನ ಸಿಸ್ಟರ್ ತೆರದ ಬಿಡೋಣ ಅಂದ್ರು. ಬೆನ್ನಿಗೆ ಚುಚ್ಚಿದ್ರಿ ಖರೇ, ನನಗ ಎಚ್ಚರ ಇತ್ತು, ಕೇಳಸ್ತು. ಯಾಕ ಹೊಲಿದ್ರಿ ಸಾಹೇಬ್ರ?"

ಆರು ತಾಸಿನ ನಿಯಮ ಹೇಳಬಹುದಿತ್ತು. ಪುಸ್ತಕದಲ್ಲಿ ಹಾಗೇ ಇತ್ತು ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ.

"ಪ್ಲೇಟು ಛಂದ ಕೂತಿತ್ತು," ಎಂದೆ. "ಗಾಯ ತೆರದ ಬಿಟ್ರ ಕೆಲಸ ಅರ್ಧಕ್ಕ ಬಿಟ್ಟಂಗ ಕಾಣ್ತಿತ್ತು. ಪೂರಾ ಮಾಡಿದಂಗ ಕಾಣ್ಲಿ ಅಂತ ಹೊಲಿದೆ."

ಅವರು ಕಿಟಕಿಯ ಕಡೆ ತಿರುಗಿದರು. ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಹೊರಗೆ ತೊಗರಿ ಹೂವಿಗೆ ಬಂದಿತ್ತು.

ಆಳಂದದ ಬಸ್ ನಿಲ್ದಾಣದಲ್ಲಿ ಗಂಡ ಕಾಯುತ್ತಿದ್ದ. ಕಂಡಕ್ಟರ್ ಕೈ ಕೊಡಲು ಬಂದ. ಅವರು ಬೇಡವೆಂದು ಬಾಗಿಲ ಸರಳು ಹಿಡಿದು ಮೊದಲು ಬಲಗಾಲು ಇಳಿಸಿದರು, ರಬ್ಬರಿನ ಪಾದ ನೆಲಕ್ಕೆ ತಾಕಿದ್ದನ್ನು ನೋಡಿ ಖಾತ್ರಿ ಮಾಡಿಕೊಂಡು ಎಡಗಾಲು ಇಳಿಸಿದರು. ನಾನು ಅವರ ಚೀಲ ಕೊಟ್ಟೆ. ತೆಗೆದುಕೊಂಡು, ಎಡಗಿವಿ ನನ್ನ ಕಡೆ ಬರುವಂತೆ ತುಸು ತಿರುಗಿ ನಿಂತರು.

"ಕೇಳಸ್ತರಿ," ಎಂದರು. "ಇನ್ನ ಯಾರಿಗೂ ಹಂಗ ಹೊಲೀಬ್ಯಾಡ್ರಿ."

"ಇಲ್ಲ," ಎಂದೆ.

ಅವರು ತಲೆಯಾಡಿಸಿ ಗಂಡನ ಕಡೆ ನಡೆದರು. ಅವನು ಚೀಲ ತೆಗೆದುಕೊಂಡ. ಸೋಮವಾರ ಅವರು ಜೇವರ್ಗಿಯಲ್ಲಿ ಕೆಲಸಕ್ಕೆ ಹಾಜರಾದರು.